ಅರ್ಧಾಣೆ ಮೈಲಿ

ಜುಲೈ ೬, ೧೯೫೮, ಭಾನುವಾರ

ಇನ್ನು ಮೇಲೆ ತಿಂಗಳ ಸಂಬಳವಿಲ್ಲ, ಮೈಲಿಗಿಷ್ಟು. ಸಾಹುಕಾರ್ ಪರಮಶಿವಪ್ಪನವರು ತಮ್ಮ ಎರಡು ಲಾರಿಗಳ ಡ್ರೈವರುಗಳಾದ ನನ್ನನ್ನೂ ಕಲ್ಲಪ್ಪನನ್ನೂ ಅಕ್ಕಿ ಗಿರಣಿಯ ಅಂಗಳದಲ್ಲಿ ನಿಲ್ಲಿಸಿಕೊಂಡು ಹೇಳಿದರು. ತುಂಬಿದ ಗಾಡಿಗೆ ಮೈಲಿಗೆ ಒಂದಾಣೆ, ಖಾಲಿ ಗಾಡಿಗೆ ಅರ್ಧಾಣೆ, ನಿಂತ ಗಾಡಿಗೆ ಏನೂ ಇಲ್ಲ. ನಯಾಪೈಸೆ ಬಂದು ವರ್ಷವಾದರೂ ಅವರ ಬಾಯಲ್ಲಿ ಇನ್ನೂ ಆಣೆಯೇ ಓಡುತ್ತಿದೆ.

ನನ್ನ ಗಾಡಿ ಯುದ್ಧ ಮುಗಿದ ಮೇಲೆ ಮಿಲಿಟರಿಯವರು ಹರಾಜು ಹಾಕಿದ್ದು. ಮೈಲಿ ತೋರಿಸುವ ಮೀಟರು ಇಲ್ಲಿಗೆ ಬರುವ ಮೊದಲೇ ಸತ್ತಿತ್ತು. ಅದನ್ನು ಹೇಳಿದೆ.

"ಮೀಟರ್ ಯಾಕ್ರೀ ಪಂಚಾಕ್ಷರಪ್ಪ? ಸರ್ಕಾರದೋರು ರಸ್ತೆ ಬದಿಗೆ ಕಲ್ಲು ನೆಟ್ಟಾರಲ್ಲ. ಅದನ್ನ ನೋಡ್ಕೊಂಡು ಬಂದು ಹೇಳ್ರಿ. ಕಲ್ಲಿಗೆ ನನ್ನ ಮೇಲೂ ಪ್ರೀತಿ ಇಲ್ಲ, ನಿಮ್ಮ ಮೇಲೂ ಇಲ್ಲ."

ಕಲ್ಲಪ್ಪ ಹುಡುಗುತನದವನು, ಜೋರಾಗಿ ಓಡಿಸುತ್ತಾನೆ. ಅವನಿಗೆ ಸಂತೋಷವಾಯಿತು. ನನಗೆ ಏನೂ ಅನ್ನಿಸಲಿಲ್ಲ. ಅನ್ನಿಸಬೇಕಾಗಿತ್ತೇನೋ.

ದಿನಚರಿ ಬರೆಯುವ ಅಭ್ಯಾಸ ನನಗೆ ಹತ್ತಿದ್ದು ಬರ್ಮಾ ಗಡಿಯಲ್ಲಿ ಮಿಲಿಟರಿ ಲಾರಿ ಓಡಿಸುವಾಗ. ಅಲ್ಲಿ ಕನ್ನಡ ಮಾತಾಡಲು ಯಾರೂ ಇರಲಿಲ್ಲ. ಊರಿಗೆ ಬಂದ ಮೇಲೆ ಬಿಟ್ಟುಹೋಯಿತು. ಈಗ ಮತ್ತೆ ಹಿಡಿದಿದ್ದೇನೆ, ಕಾರಣ ಸುಮಾರಾಗಿ ಅದೇ. ನನ್ನ ಹೆಂಡತಿ ಅಕ್ಕನಾಗಮ್ಮ ಸೊರಬದ ತವರಿಗೆ ಹೋಗಿ ಎರಡು ವರ್ಷದ ಮೇಲಾಯಿತು. ಅವಳ ತಾಯಿಗೆ ಪಾರ್ಶ್ವವಾಯು ಬಡಿದಾಗ ನೋಡಿಕೊಳ್ಳಲು ಹೋದಳು. ತಾಯಿ ಹೋದ ವರ್ಷ ತೀರಿಕೊಂಡರು. ನಾನು ಮಣ್ಣಿಗೆ ಹೋಗಿದ್ದೆ. ಬರುತ್ತೇನೆಂದು ಅವಳು ಹೇಳಲಿಲ್ಲ, ಬಾ ಎಂದು ನಾನೂ ಹೇಳಲಿಲ್ಲ. ಗಂಡನ ಮನೆಯವರು ಬಂದು ಕರೆಯದೆ ಹೆಣ್ಣು ತವರಿನಿಂದ ಹೊರಡುವುದಿಲ್ಲ ಎನ್ನುವುದು ಅವರ ಕಡೆಯವರ ಮಾತು. ತಾನಾಗಿ ಹೋದವಳು ತಾನಾಗಿ ಬರಲಿ ಎನ್ನುವುದು ನಮ್ಮ ಕಡೆಯವರದು. ನಮ್ಮ ಕಡೆಯವರು ಎಂದರೆ ಈಗ ನಾನೊಬ್ಬನೇ.

ಜುಲೈ ೧೯

ಇಷ್ಟು ದಿನ ರಸ್ತೆ ಸಾಹುಕಾರರದಾಗಿತ್ತು, ಹೊತ್ತು ನನ್ನದಾಗಿತ್ತು. ಈಗ ಅದು ತಿರುಗಿದೆ. ಶಿಕಾರಿಪುರ ಬಿಟ್ಟು ಶಿರಾಳಕೊಪ್ಪದ ಮೇಲೆ ಆನವಟ್ಟಿಗೆ ಹೋಗುವಾಗ ಒಂದೊಂದು ಕಲ್ಲು ಕಂಡಾಗಲೂ ಏನೋ ಕೈಗೆ ಬಿದ್ದ ಹಾಗಾಗುತ್ತದೆ. ಆನವಟ್ಟಿಯಲ್ಲಿ ಅಂಗಡಿಯವರು ಉಪ್ಪು, ಹಿಂಡಿ, ಸೀಮೆಎಣ್ಣೆ ಇಳಿಸಿಕೊಳ್ಳುವ ತನಕ ಕಾಯಬೇಕು. ಹಮಾಲರು ಬೀಡಿ ಹಚ್ಚುತ್ತಾರೆ, ಅಂಗಡಿಯಾತ ಊಟಕ್ಕೆ ಹೋಗುತ್ತಾನೆ. ಆ ಹೊತ್ತು ಯಾರ ಲೆಕ್ಕಕ್ಕೂ ಸೇರುವುದಿಲ್ಲ. ಇವತ್ತು ಹಮಾಲರ ಮೇಲೆ ರೇಗಿದೆ. ಹಿಂದೆಂದೂ ರೇಗಿದವನಲ್ಲ.

ನನ್ನ ಕ್ಲೀನರ್ ಹನುಮಂತಪ್ಪ ನನಗಿಂತ ಹಿರಿಯ. ಕಣ್ಣು ಮಂಜಾಗಿದೆ, ಡ್ರೈವಿಂಗ್ ಕಲಿಯುವ ವಯಸ್ಸು ಯಾವತ್ತೋ ದಾಟಿತು. ಅವನದು ದಿನಗೂಲಿ, ಗಾಡಿ ನಿಂತರೂ ಅಷ್ಟೇ ಓಡಿದರೂ ಅಷ್ಟೇ. ನಾನು ರೇಗುತ್ತಿದ್ದಾಗ ಅವನು ಗಾಡಿಯ ನೆರಳಲ್ಲಿ ಟವೆಲ್ ಹಾಸಿಕೊಂಡು, "ಅವಸರ ಯಾಕ್ರೀ, ಕಲ್ಲೇನು ಎದ್ದು ಹೋಗ್ತಾವಾ?" ಎಂದ. ಒಂದೇ ಗಾಡಿಯಲ್ಲಿ ಎರಡು ಬಗೆಯ ಕಾಲ ಕೂತು ಪ್ರಯಾಣ ಮಾಡುತ್ತಿದೆ.

ಆಗಸ್ಟ್ ೨

ಶಿರಾಳಕೊಪ್ಪ ದಾಟಿದ ಮೇಲೆ ಆನವಟ್ಟಿ ರಸ್ತೆಯ ಮೋರಿ ಕುಸಿದಿದೆ. ಎತ್ತಿನ ಗಾಡಿ ಇಳಿಸಿ ಹತ್ತಿಸಬಹುದು, ಲಾರಿ ಆಗದು. ರಿಪೇರಿಯಾಗುವ ತನಕ ಸೊರಬದ ಮೇಲೆ ಸುತ್ತಿಕೊಂಡು ಹೋಗಬೇಕು. ಇಪ್ಪತ್ತರ ಹತ್ತಿರ ಮೈಲಿ ಹೆಚ್ಚು. ಅದನ್ನೂ ಕೊಡುತ್ತೇನೆ ಎಂದು ಸಾಹುಕಾರರು ಹಲ್ಲು ನೋಯುವವರ ಹಾಗೆ ಮುಖ ಮಾಡಿ ಒಪ್ಪಿದರು. ಕಲ್ಲಪ್ಪ ದಾವಣಗೆರೆ ಕಡೆ ಓಡುತ್ತಾನೆ, ಅವನಿಗೆ ಈ ಭಾಗ್ಯವಿಲ್ಲ. "ಅಣ್ಣ, ದಿನಾ ಮಾವನ ಮನಿ ಮುಂದೆ ಹಾದು ಹೋಗಾಕ ಸಾಹುಕಾರ ರೊಕ್ಕಾ ಕೊಡ್ತಾನ" ಎಂದು ನಕ್ಕ. ನಾನು ಮೈಲಿಯ ಬಗ್ಗೆ ಮಾತ್ರ ಯೋಚಿಸಿದ್ದೆ.

ಆಗಸ್ಟ್ ೫

ಸೊರಬ. ಅವಳ ತಮ್ಮ ಗುರುಶಾಂತಪ್ಪ ಮರದ ಡಿಪೋದಲ್ಲಿ ಗುಮಾಸ್ತ. ಅವನ ಮನೆ ಬಸ್‌ಸ್ಟ್ಯಾಂಡಿನಿಂದ ಸ್ವಲ್ಪ ಮುಂದೆ, ರಸ್ತೆಯ ಬದಿಗೇ ಇದೆ. ಜಗಲಿಯ ಮೇಲೆ ಹೊಲಿಗೆ ಮಿಷಿನ್ನು. ಅವಳು ತಲೆ ಬಗ್ಗಿಸಿ ಹೊಲಿಯುತ್ತಿದ್ದಳು. ಲಾರಿಯ ಸದ್ದಿಗೆ ತಲೆ ಎತ್ತಲಿಲ್ಲ. ಎಷ್ಟೋ ಲಾರಿ ಹೋಗುತ್ತವೆ. ನಾನು ನಿಲ್ಲಿಸಲಿಲ್ಲ. ನಿಲ್ಲಿಸಿದರೆ ಆ ಹೊತ್ತು ದಂಡ.

ಆಗಸ್ಟ್ ೧೪

ಹಾದುಹೋದೆ. ಇವತ್ತು ತಲೆ ಎತ್ತಿದಳು.

ಆಗಸ್ಟ್ ೨೮

ಸೊರಬದಲ್ಲಿ ಇಂಜಿನ್ ಕುದಿಯುತ್ತಿದೆ ಎಂದು ನನಗನ್ನಿಸಿತು. ಡಿಪೋದ ಎದುರು ನಿಲ್ಲಿಸಿ, ನೀರು ತರಲು ಹನುಮಂತಪ್ಪನನ್ನು ಅವಳ ಮನೆಗೆ ಕಳಿಸಿದೆ. ರೇಡಿಯೇಟರಿನ ಮುಚ್ಚಳ ತೆಗೆದರೆ ಹಬೆ ಬರಲಿಲ್ಲ, ನೀರು ಕಂಠದವರೆಗೂ ಇತ್ತು. ಕೊಡ ಹಿಡಿದು ಬಂದವಳು ಅವಳೇ. ಹನುಮಂತಪ್ಪ ಹಿಂದೆ ಬರಿಗೈಯಲ್ಲಿ ಬರುತ್ತಿದ್ದ.

ಅವಳು ರೇಡಿಯೇಟರನ್ನು ನೋಡಿದಳು, ನನ್ನನ್ನು ನೋಡಿದಳು. "ಕುಡಿಯೋಕೋ, ಗಾಡಿಗೋ?" ಎಂದು ಕೇಳಿದಳು.

ಕುಡಿದೆ. ಅವಳ ಮುಖ ತುಂಬಿಕೊಂಡಿದೆ. ತಾಯಿಯ ಆರೈಕೆಯಲ್ಲಿ ಇಳಿದುಹೋಗಿತ್ತು, ಈಗ ಸರಿಹೋಗಿದೆ. ನಾನಿಲ್ಲದೆಯೇ ಸರಿಹೋಗಿದೆ ಎಂಬುದನ್ನೂ ಗಮನಿಸಿದೆ.

ಸೆಪ್ಟೆಂಬರ್ ೧೧

ಈಗ ಸೊರಬದಲ್ಲಿ ನೀರಿಗೆ ನಿಲ್ಲುವುದು ವಾಡಿಕೆಯಾಗಿದೆ. ಏರು ದಾರಿ, ಹಳೆ ಇಂಜಿನ್ನು.

ಇವತ್ತು ಜಗಲಿಯ ಮೇಲೆ ಕೂತೆ. ಮೈಲಿ ಲೆಕ್ಕದ ಸಂಬಳವಾದದ್ದನ್ನು ಹೇಳಿದೆ. ಅವಳು ಮಿಷಿನ್ನಿನ ಚಕ್ರ ನಿಲ್ಲಿಸದೆ ಕೇಳಿಸಿಕೊಂಡಳು. ಅವಳದೂ ಅದೇ ಲೆಕ್ಕವಂತೆ, ರವಿಕೆಗಿಷ್ಟು ಎಂದು. ಅಳತೆ ತೆಗೆಯುವುದಕ್ಕೆ ಏನೂ ಇಲ್ಲ, ಗಿರಾಕಿಗಳ ಮನೆಯ ಕತೆ ಕೇಳುವುದಕ್ಕೆ ಏನೂ ಇಲ್ಲ, ಬಿಗಿಯಾಯಿತು ಎಂದು ವಾಪಸು ತಂದದ್ದನ್ನು ಬಿಚ್ಚಿ ಹೊಲಿಯುವುದಕ್ಕೂ ಇಲ್ಲ. ಹಾಗಾದರೆ ನಿನಗೂ ಮೋಸವೇ ಎಂದೆ.

"ಮೋಸ ಯಾಕೆ? ಬಿಚ್ಚಿ ಹೊಲಿದದ್ದೇ ಚೆನ್ನಾಗಿ ಕೂರೋದು" ಎಂದಳು.

ಅದು ರವಿಕೆಯ ಮಾತು ಎಂದುಕೊಂಡು ಎದ್ದು ಬಂದೆ. ಆನವಟ್ಟಿ ತಲುಪುವಾಗ ಅಂಗಡಿಯವರು ಬಾಗಿಲು ಹಾಕುತ್ತಿದ್ದರು. ಹಮಾಲರು ನನ್ನ ಮೇಲೆ ರೇಗಿದರು.

ಸೆಪ್ಟೆಂಬರ್ ೨೬

ಸಂಬಳದ ದಿನ. ಕಲ್ಲಪ್ಪನಿಗೆ ನನಗಿಂತ ಬಹಳ ಹೆಚ್ಚು ಬಂತು. ನನ್ನ ದಾರಿ ಉದ್ದವಾಗಿದ್ದರೂ ಟ್ರಿಪ್ಪು ಕಡಿಮೆಯಾಗಿವೆ ಎಂದು ಸಾಹುಕಾರರು ತೋರಿಸಿದರು. ಎಲ್ಲಿ ಹೊತ್ತು ಹೋಗುತ್ತಿದೆ ಎಂದು ಕೇಳಿದರು. ಹಮಾಲರ ಕಾಟ ಎಂದೆ. ಹನುಮಂತಪ್ಪ ಪಕ್ಕದಲ್ಲಿದ್ದ. ಟಯರಿನಲ್ಲಿ ಸಿಕ್ಕಿಕೊಂಡ ಕಲ್ಲನ್ನು ಬಹಳ ಶ್ರದ್ಧೆಯಿಂದ ತೆಗೆಯುತ್ತಿದ್ದ.

ಅಕ್ಟೋಬರ್ ೧೧

ಮೋರಿ ರಿಪೇರಿಯಾಯಿತು. ಇನ್ನು ನೇರ ದಾರಿ. ಸೊರಬದ ಮೇಲೆ ಹೋದರೆ ಆ ಮೈಲಿ ಕೊಡುವುದಿಲ್ಲ ಎಂದು ಸಾಹುಕಾರರು ಖಂಡಿತವಾಗಿ ಹೇಳಿದರು.

ಅಕ್ಟೋಬರ್ ೧೬

ಹೋಗುವಾಗ ನೇರ ದಾರಿ. ಬರುವಾಗ ಸೊರಬದ ಮೇಲೆ ಬಂದೆ. ಹೊಸ ಮೋರಿಯ ಗಾರೆ ಇನ್ನೂ ಹಸಿ, ಒಂದೇ ದಿನ ಎರಡು ಸಲ ಹತ್ತಿಸುವುದು ಸರಿಯಲ್ಲ. ನೇರ ದಾರಿಯ ಮೈಲಿಯನ್ನೇ ಹೇಳಿದೆ.

ಸೊರಬಕ್ಕೆಂದು ಜಡೆ ಊರಿನ ಕಡೆ ತಿರುಗುವ ಕೂಡುರಸ್ತೆಯಲ್ಲಿ ಹನುಮಂತಪ್ಪ, ಈಗ ಬರಿಗಾಡಿ, ಗಾರೆಗೆ ಭಾರ ಎಲ್ಲಿಂದ ಬಂತು ಎಂದು ತನ್ನಷ್ಟಕ್ಕೆ ಹೇಳಿಕೊಂಡ. ನಾನು ಹಾರನ್ ಬಾರಿಸಿದೆ. ರಸ್ತೆಯಲ್ಲಿ ಯಾರೂ ಇರಲಿಲ್ಲ.

ಅಕ್ಟೋಬರ್ ೨೫

ಬರುವಾಗ ಮತ್ತೆ ಸೊರಬದಲ್ಲಿ ನಿಂತೆ. ಗುರುಶಾಂತಪ್ಪನಿಗೆ ಕಾರವಾರಕ್ಕೆ ವರ್ಗವಾಗಿದೆ. ರಾಜ್ಯ ಒಂದಾದ ಮೇಲೆ ಗುಮಾಸ್ತರನ್ನು ಎಲ್ಲೆಲ್ಲಿಗೋ ಎತ್ತಿ ಹಾಕುತ್ತಿದ್ದಾರೆ. ನವೆಂಬರ್ ಮೂರನೆಯ ವಾರ ಸಾಮಾನು ಸಾಗಿಸಿ ಮನೆ ಬಿಡುತ್ತಾರೆ. ಅಕ್ಕನೂ ಬರುತ್ತಾಳೆ, ಅಲ್ಲಿ ಹೊಲಿಗೆಗೆ ಒಳ್ಳೆ ಗಿರಾಕಿ ಇದೆಯಂತೆ ಎಂದು ಅವನು ಹೇಳಿದ. ಹೇಳುವಾಗ ನನ್ನನ್ನು ನೋಡಲಿಲ್ಲ, ಅಂಗಳದ ತುಳಸಿಯನ್ನು ನೋಡುತ್ತಿದ್ದ. ಅವಳು ಒಳಗಿನಿಂದ ಬಂದು ಕಂಬಕ್ಕೆ ಒರಗಿ ನಿಂತಳು.

ಮಾತು ಬಂದದ್ದು ಹೀಗೆ. ನಾನು ಹೇಳಿದೆ: "ಈಗೆಲ್ಲ ವಾಪಸು ಹೋಗುವಾಗ ಗಾಡಿ ಖಾಲಿನೇ ಇರುತ್ತೆ. ಬರೋದಾದರೆ ಬಾ."

ಅವಳು ಕಂಬ ಬಿಟ್ಟು ನೆಟ್ಟಗೆ ನಿಂತಳು. ಆಮೇಲೆ, "ಖಾಲಿ ಇದೆ ಅಂತ ತುಂಬಿಸ್ಕೊಂಡು ಹೋಗೋಕೆ ನಾನೇನು ಭತ್ತದ ಚೀಲನಾ?" ಎಂದಳು. ದನಿ ಏರಿಸಲಿಲ್ಲ. ಒಳಗೆ ಹೋದಳು.

ನಾನು ಕರೆದೆ. ಅವಳು ಬರಲಿಲ್ಲ. ಇಷ್ಟು ದಿನ ಕರೆಯಲಿಲ್ಲ ಎನ್ನುವ ಮಾತು ಇನ್ನು ಮೇಲೆ ಯಾರೂ ಆಡುವಂತಿಲ್ಲ.

ಅಕ್ಟೋಬರ್ ೨೯

ನೇರ ದಾರಿ. ಹೋಗಿಬಂದೆ.

ನವೆಂಬರ್ ೧

ನೇರ ದಾರಿ. ರಾಜ್ಯದ ಹಬ್ಬವೆಂದು ಶಾಲೆಯ ಮಕ್ಕಳು ಬಾವುಟ ಹಿಡಿದು ರಸ್ತೆಗೆ ಅಡ್ಡ ನಿಂತಿದ್ದರು. ಕಾಯಬೇಕಾಯಿತು.

ನವೆಂಬರ್ ೪

ಟ್ರಿಪ್ಪು ಹೆಚ್ಚಿವೆ. ಸಾಹುಕಾರರು ಬೆನ್ನು ತಟ್ಟಿದರು.

ನವೆಂಬರ್ ೮

ಹನುಮಂತಪ್ಪನಿಗೆ ಜ್ವರ ಇತ್ತು, ಇವತ್ತು ಬಂದ. ಆನವಟ್ಟಿಯಲ್ಲಿ ಇಳಿಸುವುದು ಮುಗಿದು ಹೊರಟಾಗ ಕೂಡುರಸ್ತೆಯಲ್ಲಿ ನಾನು ಎಡಕ್ಕೆ, ನೇರ ದಾರಿಗೆ ಹೊರಳಿಸಿದ್ದನ್ನು ನೋಡಿ, ಸೊರಬದ ನೀರು ಕಹಿಯಾಯಿತೇ ಎಂದು ಕೇಳಿದ. ಇವನಿಗೆ ಯಾಕೆ ಹೇಳಬೇಕು ಎಂದುಕೊಂಡೆ, ಆದರೂ ಹೇಳಿದೆ. ನಾನು ಕರೆದ ಮಾತನ್ನು ಒಂದಕ್ಷರ ಬಿಡದೆ ಹೇಳಿದೆ. ಅವನು ನಕ್ಕ. ಕೆಮ್ಮು ಬರುವ ತನಕ ನಕ್ಕ.

"ಅಲ್ರೀ, ಆನವಟ್ಟಿ ಗೌಡ್ರ ಅಂಗಡಿ ಮುಂದೆ ನಿಂತು, ಬರೋವಾಗ ಖಾಲಿ ಬ್ಯಾಡ ಅಂತ ರಿಟರ್ನ್ ಲೋಡು ಕೇಳ್ತೀರಲ್ಲ, ಹಂಗೇ ಕೇಳೀರಿ."

ಸಿಟ್ಟು ಬಂತು. ಗಾಡಿಯನ್ನು ಜೋರಾಗಿ ಬಿಟ್ಟೆ. ಖಾಲಿ ಗಾಡಿ ತಗ್ಗಿನಲ್ಲಿ ಕುಣಿಯುತ್ತದೆ, ಹಿಂದಿನ ಹಲಗೆ ಬಡಿದುಕೊಳ್ಳುತ್ತದೆ. ಇದಕ್ಕೆ ಅರ್ಧಾಣೆ ಯಾಕೆ ಎಂದು ಯೋಚಿಸಿದೆ. ಎಣ್ಣೆ ಅಷ್ಟೇ ಖರ್ಚಾಗುತ್ತದೆ, ಡ್ರೈವರನ ಕೈಕಾಲು ಅಷ್ಟೇ ನೋಯುತ್ತವೆ. ಬಹುಶಃ ಈ ಓಟ ಯಾರಿಗೂ ಬೇಕಾದದ್ದಲ್ಲ. ಹೇಗೂ ಹಿಂತಿರುಗಬೇಕಲ್ಲ ಎಂದು ಬರುವ ದಾರಿ ಇದು. ದಾರಿಯಲ್ಲಿ ಏನಾದರೂ ಸಿಕ್ಕರೆ ಸಿಕ್ಕಿತು, ಸಿಗದಿದ್ದರೆ ನಷ್ಟವಿಲ್ಲ.

ಅವಳಿಗೂ ಈ ಲೆಕ್ಕ ಗೊತ್ತು. ಜಗಲಿಯ ಮೇಲೆ ಕೂತು ನಾನೇ ಹೇಳಿದ್ದೆ.

ನವೆಂಬರ್ ೧೨

ದೀಪಾವಳಿ. ಗಿರಣಿಯಲ್ಲಿ ಲಾರಿಗಳಿಗೆ ಪೂಜೆ ಮಾಡಿದರು. ಬಾನೆಟ್ಟಿನ ಮೇಲೆ ವಿಭೂತಿ, ಚೆಂಡುಹೂವಿನ ಸರ. ಸಾಹುಕಾರರ ಮನೆಯಲ್ಲಿ ಹೋಳಿಗೆ ಊಟ. ರಾಜೇಶ್ವರಮ್ಮನವರು, ಸಾಹುಕಾರರ ಹೆಂಡತಿ, ಎಲೆಗೆ ತುಪ್ಪ ಬಡಿಸುತ್ತಾ, ಮನೆಯಲ್ಲಿ ದೀಪ ಯಾರು ಹಚ್ಚಿದರು ಎಂದು ಕೇಳಿದರು. ನಾನೇ ಹಚ್ಚಿದೆ ಎಂದೆ. ಅದು ಸುಳ್ಳು.

ನವೆಂಬರ್ ೧೪, ಶುಕ್ರವಾರ

ಬೆಂಗಳೂರಿನ ಟ್ರಿಪ್ಪು ಬಂದಿದೆ. ಹೋಗುವಾಗ ಅಕ್ಕಿ, ಬರುವಾಗ ಗಿರಣಿಗೆ ಹೊಸ ಯಂತ್ರ. ಎರಡು ಕಡೆಯೂ ತುಂಬಿದ ಗಾಡಿ, ಪೂರ್ತಿ ಒಂದಾಣೆ. ಯಂತ್ರ ಸೂಕ್ಷ್ಮದ ಸಾಮಾನು, ಕಲ್ಲಪ್ಪನ ಕೈಗೆ ಕೊಡುವುದಿಲ್ಲ, ನೀವೇ ಹೋಗಬೇಕು ಎಂದರು ಸಾಹುಕಾರರು. ನಾಳೆ ಹೊರಟರೆ ಮುಂದಿನ ಗುರುವಾರ ವಾಪಸು. ಇಡೀ ತಿಂಗಳಲ್ಲಿ ಆಗದಷ್ಟು ಮೈಲಿ ಆರು ದಿನದಲ್ಲಿ.

ಸೊರಬದ ಸಾಮಾನು ಬುಧವಾರ ಹೊರಡುತ್ತದೆ. ಡಿಪೋದಿಂದ ಬಂದ ಮರದ ವ್ಯಾಪಾರಿಯೊಬ್ಬ ಹೇಳಿದ. ನಾನು ಕೇಳಿದ್ದರಿಂದ ಹೇಳಿದ.

ನವೆಂಬರ್ ೧೫

ಬೆಂಗಳೂರಿಗೆ ಆಗುವುದಿಲ್ಲ, ನಾಳೆ ನನಗೆ ರಜ ಬೇಕು ಎಂದೆ. ಸಾಹುಕಾರರು ನನ್ನ ಮುಖ ನೋಡಿದರು. ಮೈ ಹುಷಾರಿಲ್ಲವೇ ಎಂದು ಕೇಳಿದರು. ಹುಷಾರಾಗಿದ್ದೇನೆ ಎಂದೆ. ಹಾಗಾದರೆ ಯಾಕೆ ಎಂದರು. ಸೊರಬಕ್ಕೆ ಹೋಗಬೇಕು ಎಂದೆ. ಬೆಂಗಳೂರಿನಿಂದ ಬಂದ ಮೇಲೆ ಲಾರಿಯಲ್ಲೇ ಹೋಗಿ, ಒಂದು ಟ್ರಿಪ್ಪು ಆ ಕಡೆ ಹಾಕಿಕೊಡುತ್ತೇನೆ, ಮೈಲಿಯೂ ಸಿಕ್ಕ ಹಾಗಾಗುತ್ತದೆ ಎಂದರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದರು.

"ಲಾರಿ ಬ್ಯಾಡ್ರೀ," ಎಂದೆ. "ಮೈಲಿನೂ ಬ್ಯಾಡ."

ಕೋಪ ಬಂದು, ಡ್ರೈವರುಗಳಿಗೇನು ಬರವೇ, ಮುಂದಿನ ತಿಂಗಳು ವಿಚಾರ ಮಾಡಬೇಕಾಗುತ್ತದೆ ಎಂದು ಲೆಕ್ಕದ ಕೋಣೆಗೆ ಹೋದರು. ವಿಚಾರ ಮಾಡಲಿ. ಕಲ್ಲಪ್ಪ ಅಕ್ಕಿ ಮೂಟೆಗಳಿಗೆ ಹಗ್ಗ ಬಿಗಿಯುತ್ತಾ, "ಅಣ್ಣಂಗೆ ರೊಕ್ಕಾ ಕಚ್ಚತಾವ" ಎಂದ. ಯಂತ್ರ ತರುವಾಗ ತಗ್ಗಿನಲ್ಲಿ ನಿಧಾನ ಮಾಡು ಎಂದು ಅವನಿಗೆ ಹೇಳಿ ಮನೆಗೆ ಬಂದೆ. ಅಂಗಿ ಒಗೆದು ಹಾಕಿದ್ದೇನೆ.

ನವೆಂಬರ್ ೧೬, ಭಾನುವಾರ

ಬೆಳಗಿನ ಬಸ್ಸಿಗೆ ಹೋದೆ. ಇಷ್ಟು ವರ್ಷ ಓಡಾಡಿದ ದಾರಿಯನ್ನು ಪಕ್ಕದ ಕಿಟಕಿಯಿಂದ ನೋಡಿದ್ದು ಇದೇ ಮೊದಲು. ಗದ್ದೆಗಳು ಇಷ್ಟು ದೂರದವರೆಗೆ ಹಬ್ಬಿವೆ ಎಂದು ನನಗೆ ಗೊತ್ತಿರಲಿಲ್ಲ. ಒಬ್ಬ ಮುದುಕ ನನ್ನ ಹೆಗಲ ಮೇಲೆ ತಲೆಯಿಟ್ಟು ನಿದ್ದೆ ಮಾಡಿದ. ಶಿರಾಳಕೊಪ್ಪದಲ್ಲಿ ಎಬ್ಬಿಸಿದೆ, ಅವನು ಇಳಿಯಬೇಕಾದ ಊರು ಅದಾಗಲೇ ಹಿಂದಾಗಿತ್ತು. ನನ್ನನ್ನೇ ಬೈದ.

ಜಗಲಿಯ ಮೇಲೆ ಅವಳು ಹೊಲಿಯುತ್ತಿದ್ದಳು. ಅಂಗಳದಲ್ಲಿ ಕಟ್ಟಿಟ್ಟ ಪೆಟ್ಟಿಗೆಗಳು. ನನ್ನನ್ನು ನೋಡಿ, ನನ್ನ ಹಿಂದೆ ರಸ್ತೆಯನ್ನು ನೋಡಿದಳು.

"ಗಾಡಿ ಎಲ್ಲಿ ನಿಲ್ಲಿಸಿದ್ರಿ?"

"ತಂದಿಲ್ಲ. ಬಸ್ಸಿಗೆ ಬಂದೆ."

"ಆನವಟ್ಟಿಗಾ?"

"ಇಲ್ಲ, ಇಲ್ಲಿಗೆ. ನಿನ್ನ ಕರೆಯೋಕೆ ಬಂದೆ. ಬೇರೆ ಕೆಲಸ ಇಲ್ಲ."

ಅವಳು ಸೂಜಿಯ ಕೆಳಗಿನ ಬಟ್ಟೆ ತಿರುಗಿಸಿದಳು. ಗಿರಾಕಿಗಳ ರವಿಕೆ ಉಳಿದಿವೆ, ಮುಗಿಸಬೇಕು ಎಂದಳು. ನಾನು ಜಗಲಿಯ ಕಟ್ಟೆಯ ಮೇಲೆ ಕೂತೆ. ಗುರುಶಾಂತಪ್ಪ ಕಾರವಾರದ ಸಮುದ್ರದ ಬಗ್ಗೆ, ಅಲ್ಲಿಯ ಮೀನಿನ ವಾಸನೆಯ ಬಗ್ಗೆ, ಲಿಂಗಪೂಜೆ ಮಾಡುವವನು ಅದನ್ನು ಹೇಗೆ ಸಹಿಸಬೇಕೋ ಎಂಬ ಬಗ್ಗೆ ಮಾತಾಡಿದ. ಊಟ ಬಡಿಸಿದಳು. ಮತ್ತೆ ಮಿಷಿನ್ನಿಗೆ ಕೂತಳು. ಹೆಂಗಸರು ಬಂದರು, ರವಿಕೆ ಕೊಂಡುಹೋದರು, ಒಬ್ಬಾಕೆ ಕಂಕುಳಲ್ಲಿ ಬಿಗಿ ಎಂದು ಅಲ್ಲೇ ಬಿಚ್ಚಿಸಿ ಹೊಲಿಸಿಕೊಂಡಳು. ಬಿಸಿಲು ಜಗಲಿಯಿಂದ ಇಳಿದು ಅಂಗಳಕ್ಕೆ ಹೋಯಿತು. ಕೂತಿದ್ದೆ. ಬೇಸರವಾದ ನೆನಪಿಲ್ಲ.

ಕೊನೆಯ ದಾರ ಕಡಿದು ಅವಳು ತಮ್ಮನನ್ನು ಕರೆದಳು.

"ಗುರುಶಾಂತ, ಮಿಷಿನ್ನನ್ನ ಕಾರವಾರದ ಸಾಮಾನಿನ ಜೊತೆ ಹಾಕ್ಬೇಡ. ಒಂದು ಗೋಣಿ ತಗೊಂಬಾ, ಸುತ್ತೋಣ."

ಗುರುಶಾಂತಪ್ಪ ಒಂದು ಕ್ಷಣ ನಿಂತ, ಆಮೇಲೆ ಗೋಣಿ ತರಲು ಓಡಿದ. ಪಕ್ಕದ ಮನೆಯ ವೀರಮ್ಮನವರು ಬಂದು ಅವಳ ಉಡಿಗೆ ಅಕ್ಕಿ, ಕಾಯಿ ತುಂಬಿದರು. ನನ್ನನ್ನು ನೋಡಿ, ದಾರಿ ಈಗ ಗೊತ್ತಾಯಿತೇನಪ್ಪಾ ಎಂದರು.

ಸಂಜೆಯ ಬಸ್ಸು. ಮಿಷಿನ್ನನ್ನು ಮೇಲೇರಿಸಿ ನಾನೇ ಕಟ್ಟಿದೆ, ಕಂಡಕ್ಟರನ ಗಂಟಿನ ಮೇಲೆ ನನಗೆ ನಂಬಿಕೆ ಬರಲಿಲ್ಲ. ಇಳಿಯುವಷ್ಟರಲ್ಲಿ ಅವಳು ಮುಂದೆ ಹೆಂಗಸರ ಸೀಟಿನಲ್ಲಿ ಕೂತಾಗಿತ್ತು. ನನಗೆ ಕೊನೆಯ ಸಾಲು ಸಿಕ್ಕಿತು. ಅಲ್ಲಿಂದ ಅವಳ ತುರುಬು, ಅದರಲ್ಲಿ ವೀರಮ್ಮನವರು ಮುಡಿಸಿದ ಸೇವಂತಿಗೆ, ಅಷ್ಟು ಕಾಣುತ್ತಿತ್ತು. ದಾರಿಯುದ್ದಕ್ಕೂ ಅವಳು ಒಮ್ಮೆಯೂ ಹಿಂತಿರುಗಿ ನೋಡಲಿಲ್ಲ.

ಕಂಡಕ್ಟರ್ ಮುಂದಿನಿಂದ ಟಿಕೆಟ್ಟು ಹರಿಯುತ್ತಾ ಬಂದ. ಶಿಕಾರಿಪುರ ಎರಡು ಎಂದು ದುಡ್ಡು ಚಾಚಿದೆ. ಅವನು ತೆಗೆದುಕೊಳ್ಳಲಿಲ್ಲ. ಬಗ್ಗಿ ನನ್ನ ಕಾಲಿನ ಕಡೆ ನೋಡಿದ.

"ನಿಮ್ದು ಆಗಿದೆ ಮಾರಾಯ್ರೆ. ಮುಂದಿನ ಸೀಟಿನ ಅಮ್ಮ ಎರಡು ತಗೊಂಡ್ರು. ಹಿಂದೆ ಒಬ್ರು ಕಾಲಲ್ಲಿ ಬಸ್ಸು ಓಡಿಸ್ತಾ ಕೂತಿರ್ತಾರೆ, ಅವರದ್ದೂ ಸೇರಿಸಿ ಅಂದ್ರು."

ನೋಡಿಕೊಂಡೆ. ನನ್ನ ಎಡಗಾಲು ಇಲ್ಲದ ಕ್ಲಚ್ಚನ್ನು ಬಲವಾಗಿ ಒತ್ತಿ ಹಿಡಿದಿತ್ತು.